ಹಾವಿನ ಬಣ್ಣವೂ ಮನದ ಲೇಶ್ಯೆಯೂ

2024ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕ್‌ನಿಂದ ಬಂದಿಳಿದ ಪ್ರಯಾಣಿಕನೊಬ್ಬನ ಸಾಮಾನಿನೊಳಗೆ ಹತ್ತು ಹಳದಿ ಅನಕೊಂಡಗಳು ದೊರೆತವು. ಅದಕ್ಕೆ ಎಂಟು ತಿಂಗಳು ಮೊದಲು, 2023ರ ಆಗಸ್ಟ್‌ನಲ್ಲಿ, ಅದೇ ನಿಲ್ದಾಣದಲ್ಲಿ ಹೆಬ್ಬಾವು, ಊಸರವಳ್ಳಿ, ಇಗುವಾನ, ಆಮೆ, ಮೊಸಳೆಯ ಜಾತಿಯ ಮರಿಗಳು ಎಲ್ಲ ಸೇರಿ 234 ಜೀವಿಗಳು ಪೆಟ್ಟಿಗೆಯಲ್ಲಿ ಸಿಕ್ಕಿದ್ದವು. ಅವುಗಳ ನಡುವೆ ಇದ್ದ ಕಾಂಗರೂ ಮರಿಯೊಂದು ಸತ್ತಿತ್ತು. ಇಂತಹ ವಾರ್ತೆಗಳನ್ನು ನಾವು ಬೆರಗಿನಿಂದ ಓದಿ ಪುಟ ಮಗುಚುತ್ತೇವೆ. ಕಳ್ಳಸಾಗಣೆಗಾರ ಸಿಕ್ಕಿಬಿದ್ದನೆಂಬಲ್ಲಿಗೆ ನಮ್ಮ ಕುತೂಹಲ ಮುಗಿಯುತ್ತದೆ. ಹಾವನ್ನು ಹಣ ಕೊಟ್ಟು ಕೊಳ್ಳುವವರು ಯಾರು, ಏತಕ್ಕೆ ಕೊಳ್ಳುತ್ತಾರೆ ಎಂದು ಕೇಳಿಕೊಳ್ಳುವವರು ಕಡಿಮೆ.

ಕೇಳಿಕೊಂಡರೆ ಉತ್ತರ ನಮ್ಮ ನಾಡಿನ ಗಡಿಯನ್ನು ದಾಟಿ ಬಹುದೂರ ಒಯ್ಯುತ್ತದೆ. ಈ ವ್ಯಾಪಾರದ ಬೇರು ಪಶ್ಚಿಮ ಆಫ್ರಿಕದಲ್ಲಿದೆ. ಅದರ ಕಾಂಡ ಅಮೆರಿಕ ಮತ್ತು ಯೂರೋಪುಗಳಲ್ಲಿ ಬೆಳೆದು ನಿಂತಿದೆ. ನಮ್ಮ ವಿಮಾನ ನಿಲ್ದಾಣಕ್ಕೆ ತಗುಲಿರುವುದು ಅದರ ತುದಿಯ ಎಲೆ ಮಾತ್ರ. ಅಲ್ಲಿನ ಸಾವಿರಾರು ಮನೆಗಳಲ್ಲಿ ಹಾವನ್ನು ಸಾಕುತ್ತಾರೆ. ಸಾಕುವುದಷ್ಟೇ ಅಲ್ಲ, ಬಟ್ಟೆಗೆ ಬಣ್ಣ ಹಾಕಿಸುವಂತೆ ಬೇಕಾದ ಬಣ್ಣಕ್ಕೆ ಬೇಕಾದ ಜೋಡಿ ಕೂಡಿಸಿ ಹಾವನ್ನು ಹುಟ್ಟಿಸುತ್ತಾರೆ. ಈ ವಾರ ಆ ವಿಷಯವನ್ನು ಜಿನವಾಣಿಯ ಬೆಳಕಿನಲ್ಲಿ ನೋಡೋಣವೆನಿಸಿತು.

ಆ ಹಾವಿನ ಹೆಸರು ಬಾಲ್ ಪೈಥಾನ್. ಬ್ರಿಟನ್ನಿನವರು ರಾಯಲ್ ಪೈಥಾನ್ ಎನ್ನುತ್ತಾರೆ. ಘಾನ, ಟೋಗೊ, ಬೆನಿನ್ ಮುಂತಾದ ದೇಶಗಳ ಹುಲ್ಲುಗಾವಲು ಅದರ ನೆಲೆ. ಮೂರರಿಂದ ಐದು ಅಡಿ ಉದ್ದದ, ವಿಷವಿಲ್ಲದ, ಸಾಧು ಸ್ವಭಾವದ ಹೆಬ್ಬಾವು. ಹಗಲೆಲ್ಲ ಇಲಿಯ ಬಿಲದಲ್ಲೋ ಗೆದ್ದಲು ಕಟ್ಟಿದ ಹುತ್ತದಲ್ಲೋ ಅಡಗಿದ್ದು ರಾತ್ರಿ ಹೊರಬರುತ್ತದೆ. ಹೆದರಿದಾಗ ಕಚ್ಚುವುದಕ್ಕಿಂತ ಹೆಚ್ಚಾಗಿ, ದೇಹವನ್ನು ಚೆಂಡಿನಂತೆ ಸುತ್ತಿ ನಡುವೆ ತಲೆಯನ್ನು ಹುದುಗಿಸಿಕೊಳ್ಳುತ್ತದೆ. ಅದಕ್ಕೆ ಆ ಹೆಸರು ಬಂದದ್ದು ಅದರ ಭಯದಿಂದ. ಆ ಭಯವೇ ಅದನ್ನು ಮನೆಯೊಳಗೆ ಸಾಕಲು ಅನುಕೂಲವೆಂದು ಮನುಷ್ಯ ಕಂಡುಕೊಂಡ. 1975ರಿಂದೀಚೆಗೆ ಆಫ್ರಿಕದಿಂದ ಮೂವತ್ತು ಲಕ್ಷಕ್ಕೂ ಹೆಚ್ಚು ಬಾಲ್ ಪೈಥಾನ್‌ಗಳು ಕಾನೂನಿನ ದಾರಿಯಲ್ಲಿಯೇ ರಫ್ತಾಗಿವೆ. ಮೊಟ್ಟೆ ಹೊತ್ತ ತಾಯಿಹಾವುಗಳನ್ನು ಬಿಲದಿಂದ ಅಗೆದು ತೆಗೆದು, ಸಾಕಣೆ ಕೇಂದ್ರಗಳಲ್ಲಿ ಮೊಟ್ಟೆ ಇಡಿಸಿ, ಮರಿಗಳನ್ನು ವಿಮಾನಕ್ಕೆ ಏರಿಸುವ ಪದ್ಧತಿ ಅಲ್ಲಿ ಬೇರೂರಿದೆ.

ಬಣ್ಣದ ಕಥೆ ಆರಂಭವಾದದ್ದು 1992ರಲ್ಲಿ. ಕಪ್ಪು ವರ್ಣದ್ರವ್ಯವಿಲ್ಲದ, ಹಳದಿ-ಬಿಳಿ ಮೈಯ ಆಲ್ಬಿನೊ ಬಾಲ್ ಪೈಥಾನನ್ನು ಅಮೆರಿಕದ ಸಾಕಣೆಗಾರನೊಬ್ಬ ಮೊದಲ ಬಾರಿಗೆ ತನ್ನಲ್ಲಿಯೇ ಹುಟ್ಟಿಸಿದ. ಪ್ರೌಢಶಾಲೆಯಲ್ಲಿ ನಾನು ಬಹುಕಾಲ ವಿಜ್ಞಾನ ಬೋಧಿಸಿದವನು. ಮೆಂಡೆಲನ ಬಟಾಣಿ ಗಿಡಗಳನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಅದೇ ನಾಲ್ಕು ಮನೆಯ ಚೌಕವನ್ನು ಈ ಜನ ಹಾವುಗಳಿಗೆ ಅನ್ವಯಿಸಿದರು. ಆಲ್ಬಿನೊ ಗುಣ ಅಪ್ರಬಲವಾದುದು. ಒಂದು ಆಲ್ಬಿನೊ ಹಾವನ್ನು ಸಾಧಾರಣ ಹಾವಿನೊಡನೆ ಕೂಡಿಸಿದರೆ ಸಾಮಾನ್ಯವಾಗಿ ಮರಿಗಳೆಲ್ಲ ಕಂದು ಬಣ್ಣದವೇ. ಆದರೆ ಗುಣ ಒಳಗೆ ಅಡಗಿರುತ್ತದೆ. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ, ನಾಲ್ಕರಲ್ಲಿ ಒಂದರ ಲೆಕ್ಕದಲ್ಲಿ ಅದು ಹೊರಬರುತ್ತದೆ. ಮಗಳನ್ನು ತಂದೆಗೇ ಕೂಡಿಸಿದರೆ ಎರಡರಲ್ಲಿ ಒಂದು. ಇಂತಹ ಕೂಟದ ಬಗ್ಗೆ ನಾಚಿಕೆಪಡುವ ಮಾತು ಆ ವಲಯದಲ್ಲಿಲ್ಲ. ಅದು ಅವರಿಗೆ ಲೆಕ್ಕಾಚಾರ ಮಾತ್ರ. ಹೊಸ ಬಣ್ಣದ ಮೊದಲ ಮರಿಗಳಿಗೆ ಸಾವಿರಾರು ಡಾಲರ್ ಬೆಲೆ ಬಂತು. ಬಿಳಿಯ ತೇಪೆಗಳ ಪೈಬಾಲ್ಡ್, ಹಳದಿ ಹೊಳಪಿನ ಪಾಸ್ಟೆಲ್, ನೀಲಿ ಕಣ್ಣಿನ ಅಚ್ಚಬಿಳಿ, ಹೀಗೆ ಒಂದರ ಮೇಲೊಂದು ಬೆರಸಿ ಬೆರಸಿ ಇಂದು ಸಾವಿರಾರು ಹೆಸರುಗಳಿವೆ. ಬಣ್ಣ ಅಪರೂಪವಾಗಿರುವವರೆಗೆ ಬೆಲೆ. ಮರಿಗಳು ಹೆಚ್ಚಾದಂತೆ ಬೆಲೆ ಇಳಿಯುತ್ತದೆ. ಆಗ ಮತ್ತೊಂದು ಬಣ್ಣ ಬೇಕಾಗುತ್ತದೆ. ಪರಿಗ್ರಹಕ್ಕೆ ತೃಪ್ತಿಯಿಲ್ಲವೆಂದು ಪಾಠ ಹೇಳುವಾಗ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ದೊರೆತಿರಲಿಲ್ಲ.

ಅಲ್ಲಿಗೆ ನಿಂತಿದ್ದರೆ ಇದು ಬರಿಯ ಶೋಕಿಯ ಮಾತಾಗುತ್ತಿತ್ತು. 1999ರಲ್ಲಿ ಸ್ಪೈಡರ್ ಎಂಬ ಹೊಸ ಬಗೆ ಅಮೆರಿಕದಲ್ಲಿ ಪ್ರಕಟವಾಯಿತು. ಆಫ್ರಿಕದಿಂದ ತರಿಸಿದ ಒಂದು ಹಾವಿನಿಂದ ಹೊರಟ ವಂಶ ಅದು; ಜೇಡರ ಬಲೆಯಂತೆ ತೆಳುವಾದ ಕಪ್ಪು ಗೆರೆಗಳ, ನೋಡಲು ನಿಜಕ್ಕೂ ಸುಂದರವಾದ ಹಾವು. ಈ ಗುಣ ಪ್ರಬಲವಾದುದರಿಂದ ಒಂದೇ ತಲೆಮಾರಿನಲ್ಲಿ ಮರಿಗಳಲ್ಲಿ ಕಾಣಿಸಿಕೊಂಡು ಬೇಗ ಹರಡಿತು. ಆದರೆ ಆ ಹಾವುಗಳ ತಲೆ ನಡುಗುತ್ತಿತ್ತು. ಆಹಾರವನ್ನು ಹಿಡಿಯಹೋದರೆ ಗುರಿ ತಪ್ಪುತ್ತಿತ್ತು. ಕೆಲವು ಕುತ್ತಿಗೆಯನ್ನು ತಿರುಚಿ ಸುರುಳಿಯಾಗಿ ಸುತ್ತುತ್ತಿದ್ದವು. ಕೆಲವು ಅಂಗಾತ ಬಿದ್ದರೆ ತಾವಾಗಿ ಮಗ್ಗುಲಾಗಲು ಕಷ್ಟಪಡುತ್ತಿದ್ದವು. ಇದನ್ನು ಸಾಕಣೆಗಾರರು 'ವಾಬಲ್' ಎಂದು ಮುದ್ದಾಗಿ ಕರೆದರು. ಅಲುಗಾಟ ಅಷ್ಟೇ, ಅದಕ್ಕೇನೂ ನೋವಿಲ್ಲ ಎಂದು ವರ್ಷಾನುಗಟ್ಟಲೆ ವಾದಿಸಿದರು. 2022ರಲ್ಲಿ ಜರ್ಮನಿಯ ಮ್ಯೂನಿಕ್‌ನ ವಿಜ್ಞಾನಿಗಳು ಸೂಕ್ಷ್ಮ ಸಿಟಿ ಸ್ಕ್ಯಾನ್ ಮೂಲಕ ಇಂತಹ ಹಾವುಗಳ ತಲೆಬುರುಡೆಯನ್ನು ಪರೀಕ್ಷಿಸಿ ಕಾರಣ ತೋರಿಸಿದರು. ಒಳಗಿವಿಯ ಅರ್ಧವೃತ್ತಾಕಾರದ ನಾಳಗಳು ಹಿಗ್ಗಿವೆ, ದೇಹದ ಸಮತೋಲವನ್ನು ತಿಳಿಸುವ ಚೀಲದಂತಹ ಭಾಗ ವಿರೂಪಗೊಂಡಿದೆ. ಯಾವ ಗುಣ ಬಲೆಯಂತಹ ಚೆಲುವನ್ನು ಕೊಟ್ಟಿತೋ ಅದೇ ಗುಣದ ಜೊತೆಯಲ್ಲಿ ಈ ಕೇಡೂ ಬರುತ್ತಿದೆ.

ನಮ್ಮ ಹಳೆಯ ನಿಘಂಟುಗಳಲ್ಲಿ ಹಾವಿಗೆ 'ಚಕ್ಷುಃಶ್ರವ' ಎಂಬ ಹೆಸರಿದೆ. ಕಣ್ಣಿನಿಂದಲೇ ಕೇಳುವುದು ಎಂದರ್ಥ. ಹೊರಗಿವಿ ಇಲ್ಲದುದನ್ನು ನೋಡಿ ಕವಿಗಳು ಹಾಗೆಂದರು. ಆದರೆ ಜೈನಾಗಮ ಹಾವನ್ನು ಐದು ಇಂದ್ರಿಯಗಳುಳ್ಳ ತಿರ್ಯಂಚವೆಂದೇ ಎಣಿಸಿದೆ, ಶ್ರೋತ್ರೇಂದ್ರಿಯವೂ ಅದಕ್ಕುಂಟು. ಒಳಗಿವಿ ಇದೆ, ನೆಲದ ಕಂಪನ ಅದಕ್ಕೆ ತಿಳಿಯುತ್ತದೆ, ತನ್ನ ಮೈ ಮೇಲಿದೆಯೋ ಕೆಳಗಿದೆಯೋ ಎಂಬುದೂ ಅಲ್ಲಿಂದಲೇ ತಿಳಿಯುತ್ತದೆ ಎಂಬುದು ಇಂದಿನ ವಿಜ್ಞಾನ. ಮನುಷ್ಯನ ಕಣ್ಣಿಗೆ ಹಬ್ಬವಾಗಲೆಂದು ಒಂದು ಪಂಚೇಂದ್ರಿಯ ಜೀವದ ಐದನೆಯ ಇಂದ್ರಿಯವನ್ನು ಹುಟ್ಟುವ ಮೊದಲೇ ಕೆಡಿಸಿದಂತಾಯಿತು.

ಸ್ಪೈಡರ್ ಒಂದೇ ಅಲ್ಲ. ಕ್ಯಾರಮೆಲ್ ಎಂಬ ಬಗೆಯ ಆಲ್ಬಿನೊಗಳಲ್ಲಿ ಬೆನ್ನೆಲುಬು ಡೊಂಕಾಗುವುದುಂಟು. ಕೆಲವು ಬಗೆಗಳಲ್ಲಿ ಕಣ್ಣುಗುಡ್ಡೆ ಉಬ್ಬಿರುತ್ತದೆ. ಸಾಕುವವರಿಗೆ ಇವೆಲ್ಲ ಗೊತ್ತಿರುವ ವಿಷಯಗಳೇ.

ಇನ್ನು ಸಾಕಣೆಯ ರೀತಿ. ನೂರಾರು ಹಾವುಗಳನ್ನು ಇಡುವವರು ಕಪಾಟಿನ ಖಾನೆಗಳಂತೆ ಒಂದರ ಮೇಲೊಂದು ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಜೋಡಿಸುತ್ತಾರೆ. ಅನೇಕ ಪೆಟ್ಟಿಗೆಗಳಲ್ಲಿ ಹಾವು ತನ್ನ ಮೈಯನ್ನು ನೀಳವಾಗಿ ಚಾಚುವಷ್ಟು ಸ್ಥಳವಿರುವುದಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲಿಗೆ ಬಂಧವನ್ನು ಹೇಳುತ್ತಾರೆ; ಜೀವಿಯನ್ನು ಅದರ ಇಚ್ಛೆಯಂತೆ ಚಲಿಸಲು ಬಿಡದೆ ಕಟ್ಟಿಹಾಕುವುದು. ಹಗ್ಗದಿಂದ ಕಟ್ಟಿದರೆ ಮಾತ್ರ ಬಂಧವೆಂದು ತಿಳಿಯಬೇಕಾಗಿಲ್ಲ. ತಾಯಿಹಾವಿನ ಸ್ಥಿತಿಯನ್ನು ನೋಡಿ. ಕಾಡಿನಲ್ಲಿ ಅದು ಕೆಲವೇ ಮೊಟ್ಟೆಗಳನ್ನಿಟ್ಟು, ಸುಮಾರು ಎರಡು ತಿಂಗಳು ಅವುಗಳ ಸುತ್ತ ಮೈಯನ್ನು ಸುತ್ತಿಕೊಂಡು, ಬಹುಮಟ್ಟಿಗೆ ಆಹಾರವನ್ನೇ ಮುಟ್ಟದೆ ಕಾಯುತ್ತದೆ. ಸಾಕಣೆಯಲ್ಲಿ ಇಟ್ಟ ಮೊಟ್ಟೆಗಳನ್ನು ಸುರುಳಿ ಬಿಡಿಸಿ ತೆಗೆದು ಯಂತ್ರದ ಕಾವಿನಲ್ಲಿಡುವುದೇ ರೂಢಿ. ತಾಯಿ ಮತ್ತೆ ಬೇಗ ಆಹಾರ ತೆಗೆದುಕೊಂಡು ಮುಂದಿನ ಋತುವಿಗೆ ಸಿದ್ಧವಾಗಬೇಕಲ್ಲ! ಹಾವಿಗೆ ಮಮತೆಯಿದೆಯೇ ಎಂದು ನಗುವವರಿದ್ದಾರೆ. ಎರಡು ತಿಂಗಳು ಹಸಿದು ಕುಳಿತ ಶರೀರಕ್ಕೆ ಬೇರೆ ಯಾವ ಹೆಸರು ಕೊಡಬೇಕೆಂದು ಅವರೇ ಹೇಳಲಿ.

ಇಲ್ಲಿ ಜೈನರಲ್ಲಿಯೇ ಒಂದು ಆಕ್ಷೇಪ ಏಳುತ್ತದೆ. ಸ್ವಾಧ್ಯಾಯದ ಕೂಟದಲ್ಲಿ ಈ ವಿಷಯ ಬಂದಾಗ ಹಿರಿಯರೊಬ್ಬರು ಎತ್ತಿದ ಪ್ರಶ್ನೆ ಇದು: ಶರೀರ ಹೇಗಿರಬೇಕೆಂಬುದು ನಾಮಕರ್ಮದ ಫಲ, ಬಣ್ಣ ವರ್ಣನಾಮಕರ್ಮದಿಂದ, ಅಂಗದೋಷ ಅಶುಭ ನಾಮಕರ್ಮದಿಂದ, ನೋವು ಅಸಾತಾವೇದನೀಯದಿಂದ. ಆ ಜೀವ ಗಳಿಸಿ ತಂದದ್ದನ್ನು ಅದು ಉಣ್ಣುತ್ತಿದೆ. ಜೋಡಿ ಕೂಡಿಸಿದವನು ಬರಿಯ ನಿಮಿತ್ತ. ಅವನ ದೋಷವೇನು?

ಪ್ರಶ್ನೆ ಚೆನ್ನಾಗಿದೆ, ಆದುದರಿಂದಲೇ ಅಪಾಯಕಾರಿ. ಇದೇ ತರ್ಕವನ್ನು ಹಿಡಿದರೆ ಕಳ್ಳನೂ ನಿರ್ದೋಷಿ. ಕಳೆದುಕೊಂಡವನಿಗೆ ಅಂತರಾಯ ಕರ್ಮ ಉದಯಕ್ಕೆ ಬಂದಿತ್ತು, ನಾನು ನಿಮಿತ್ತ ಮಾತ್ರ ಎಂದು ಅವನೂ ಹೇಳಬಹುದು. ಕರ್ಮಸಿದ್ಧಾಂತವನ್ನು ಅನ್ಯರ ನೋವಿಗೆ ಸಮಾಧಾನ ಹೇಳಲು ಬಳಸುವುದು, ಔಷಧದ ಚೀಟಿಯನ್ನು ಪಕ್ಕದ ಮನೆಯವನಿಗೆ ಓದಿ ಹೇಳಿದಂತೆ. ನನ್ನ ಕರ್ಮವನ್ನು ನಾನು ತಿದ್ದಿಕೊಳ್ಳಲಿಕ್ಕೆ ಅದು ಇರುವುದು. ಹಾವಿನ ಪಾಲಿಗೆ ಹಳೆಯ ಕರ್ಮ ಉದಯಕ್ಕೆ ಬರುತ್ತಿರಬಹುದು. ಸಾಕುವವನ ಪಾಲಿಗೆ ಅದೇ ಕ್ಷಣ ಹೊಸ ಕರ್ಮದ ಆಸ್ರವ. ಪರರಿಗೆ ದುಃಖವನ್ನು ಉಂಟುಮಾಡುವ ಭಾವ ತನಗೇ ಅಸಾತಾವೇದನೀಯವನ್ನು ಬಂಧಿಸುತ್ತದೆ ಎಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ತೋರಿಸಿದ್ದಾರೆ. ಅದೇ ಅಧ್ಯಾಯದಲ್ಲಿ ತಿರ್ಯಂಚಾಯುವಿನ ಬಂಧಕ್ಕೆ ಮಾಯೆಯನ್ನು, ಎಂದರೆ ಕಪಟವನ್ನು ಕಾರಣವೆಂದಿದ್ದಾರೆ. ತಲೆ ನಡುಗುವ ಮರಿಯನ್ನು ಅಲುಗಾಡದ ಗಳಿಗೆ ನೋಡಿ ಫೋಟೊ ತೆಗೆದು ಮಾರುವವನು ಮುಂದೆ ಯಾವ ಗತಿಯ ಆಯುಷ್ಯವನ್ನು ಕಟ್ಟಿಕೊಳ್ಳುತ್ತಿದ್ದಾನೆಂದು ಯೋಚಿಸಿದರೆ ಮೈ ನಡುಗುತ್ತದೆ.

ಬಣ್ಣದ ವಿಷಯದಲ್ಲಿ ನಮ್ಮ ಆಚಾರ್ಯರು ಇನ್ನೊಂದು ಸೂಕ್ಷ್ಮವನ್ನು ಹೇಳಿದ್ದಾರೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದ ಜೀವಕಾಂಡದಲ್ಲಿ ಲೇಶ್ಯೆಗಳ ವಿಸ್ತಾರವಾದ ವಿವರಣೆಯಿದೆ. ಲೇಶ್ಯೆ ಎರಡು ಬಗೆ: ದ್ರವ್ಯಲೇಶ್ಯೆ ಶರೀರದ ಬಣ್ಣ, ಭಾವಲೇಶ್ಯೆ ಕಷಾಯದಿಂದ ರಂಗೇರಿದ ಮನೋವಚನಕಾಯಗಳ ಪ್ರವೃತ್ತಿ. ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಎಂದು ಆರು ಬಣ್ಣಗಳು. ಈ ಎರಡೂ ಒಂದೇ ಆಗಿರಬೇಕೆಂದಿಲ್ಲ. ಮೈ ಬೆಳ್ಳಗಿದ್ದು ಭಾವ ಕಪ್ಪಾಗಿರಬಹುದು. ಮೈ ಕಪ್ಪಾಗಿದ್ದು ಭಾವ ಶುಕ್ಲವಾಗಿರಬಹುದು. ಒಂದು ಹಣ್ಣಿನ ಮರದ ಬಳಿಗೆ ಹೋದ ಆರು ಜನರ ದೃಷ್ಟಾಂತ ಎಲ್ಲರಿಗೂ ತಿಳಿದದ್ದೇ. ಒಬ್ಬ ಬುಡವನ್ನೇ ಕಡಿಯೋಣವೆಂದ, ಕೊನೆಯವನು ಉದುರಿದ ಹಣ್ಣು ಸಾಕೆಂದ. ಹಾವಿನ ದ್ರವ್ಯಲೇಶ್ಯೆಯನ್ನು ಅಚ್ಚಬಿಳಿ ಮಾಡಲು ತಲೆಮಾರುಗಟ್ಟಲೆ ಶ್ರಮಿಸುವ ಮನುಷ್ಯ, ಆ ಹೊತ್ತಿನಲ್ಲಿ ತನ್ನ ಭಾವಲೇಶ್ಯೆ ಯಾವ ಬಣ್ಣಕ್ಕೆ ತಿರುಗುತ್ತಿದೆಯೆಂದು ನೋಡಿಕೊಳ್ಳುವುದೇ ಇಲ್ಲ.

ಸಾಕುವವರೆಲ್ಲ ಕ್ರೂರಿಗಳೆಂದು ನಾನು ಹೇಳುತ್ತಿಲ್ಲ. ಅವರಲ್ಲಿ ಹಾವಿನ ಮೇಲೆ ನಿಜವಾದ ಪ್ರೀತಿಯುಳ್ಳವರಿದ್ದಾರೆ. ಹಾವು ಕಂಡಲ್ಲಿ ದೊಣ್ಣೆ ಎತ್ತುವ ನಮ್ಮ ಜನರಿಗಿಂತ ಅವರು ಎಷ್ಟೋ ಮೇಲು. ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಅವನೂ ಶ್ರಾವಕ ಕುಲದವನೇ, ಕೆಲವು ತಿಂಗಳ ಹಿಂದೆ ದೂರವಾಣಿಯಲ್ಲಿ ಕೇಳಿದ. ಅವನ ಮಗನಿಗೆ ಒಂದು ಬಾಲ್ ಪೈಥಾನ್ ಬೇಕಂತೆ. "ಕಾಡಿನಿಂದ ಹಿಡಿದು ತಂದದ್ದಲ್ಲ ಸರ್, ಇಲ್ಲೇ ಹುಟ್ಟಿದ್ದು. ಸ್ಪೈಡರ್ ಬೇಡವೆಂದು ಮಗನೇ ಓದಿ ತಿಳಿದಿದ್ದಾನೆ. ದೋಷವಿಲ್ಲದ ಬಣ್ಣವನ್ನೇ ಕೊಳ್ಳುತ್ತೇವೆ. ತಪ್ಪೇ?" ಎಂದ.

ನಾನು ಅವನನ್ನು ಎರಡು ಪ್ರಶ್ನೆ ಕೇಳಿದೆ. ಒಂದು, ಅದು ಏನನ್ನು ತಿನ್ನುತ್ತದೆ? ಇಲಿ, ಹೆಪ್ಪುಗಟ್ಟಿಸಿದ ಇಲಿಗಳು ಅಂಗಡಿಯಲ್ಲಿ ಪೊಟ್ಟಣದಲ್ಲಿ ದೊರೆಯುತ್ತವೆ. ಹಾವಿಗಾಗಿಯೇ ಇಲಿಗಳನ್ನು ಹುಟ್ಟಿಸಿ ಕೊಲ್ಲುವ ಬೇರೊಂದು ಉದ್ಯಮವೇ ಅಲ್ಲಿದೆ. ಕಾಡಿನಲ್ಲಿ ಹಾವು ಇಲಿಯನ್ನು ಹಿಡಿದರೆ ಅದು ಆ ಎರಡು ಜೀವಗಳ ನಡುವಿನ ಸಂಬಂಧ. ನಾನು ಅಲ್ಲಿ ಕರ್ತೃವಲ್ಲ. ಮನೆಯಲ್ಲಿ ಪೊಟ್ಟಣ ಬಿಚ್ಚುವ ಕೈ ನನ್ನದು. ಕೃತ, ಕಾರಿತ, ಅನುಮತ ಎಂಬ ಮೂರರಲ್ಲಿ, ಕೊಲ್ಲದಿದ್ದರೂ ಕೊಲ್ಲಿಸಿದ್ದು ನನಗೆ ಸೇರುತ್ತದೆ. ಎರಡನೆಯದು, ಎಷ್ಟು ಕಾಲ? ಬಾಲ್ ಪೈಥಾನ್ ಇಪ್ಪತ್ತು-ಮೂವತ್ತು ವರ್ಷ ಬದುಕುತ್ತದೆ. ಸೇಂಟ್ ಲೂಯಿಸ್ ಮೃಗಾಲಯದ ಒಂದು ಹೆಣ್ಣುಹಾವು ಅರವತ್ತು ವರ್ಷ ದಾಟಿದ ಮೇಲೆ, 2020ರಲ್ಲಿ, ಗಂಡಿನ ಸಂಗವಿಲ್ಲದೆಯೇ ಮೊಟ್ಟೆ ಇಟ್ಟಿತ್ತು. ಹತ್ತು ವರ್ಷದ ಹುಡುಗನ ಆಸೆ ಅಷ್ಟು ಕಾಲ ಬಾಳುವುದೇ? ಅಲ್ಲಿನ ಸರೀಸೃಪ ಆಶ್ರಯಗಳಿಗೆ ಹೀಗೆ ಬೇಸರ ಬಂದು ಬಿಟ್ಟ ಹಾವುಗಳೂ ಬರುತ್ತವೆ.

ಹಾಗಾದರೆ ಅನಾಥವಾದ ಹಾವಿಗೆ ಅಭಯದಾನವಿಲ್ಲವೇ ಎಂದು ಅವನು ಮರುಪ್ರಶ್ನೆ ಹಾಕಿದ. ಇದಕ್ಕೆ ಸುಲಭದ ಉತ್ತರವಿಲ್ಲ. ದೆಹಲಿಯ ಚಾಂದನಿ ಚೌಕದ ಲಾಲ್ ಮಂದಿರದಲ್ಲಿ ಜೈನರು ನಡೆಸುವ ಪಕ್ಷಿಗಳ ಆಸ್ಪತ್ರೆಯಿದೆ. ಸಸ್ಯಾಹಾರಿ ಹಕ್ಕಿಗಳನ್ನು ಅಲ್ಲಿ ಒಳರೋಗಿಗಳಾಗಿ ಇರಿಸಿಕೊಳ್ಳುತ್ತಾರೆ; ಹದ್ದು-ಗಿಡುಗಗಳಿಗೆ ಚಿಕಿತ್ಸೆ ಮಾಡಿ ಕಳುಹಿಸುವ ಪದ್ಧತಿ ಬಹುಕಾಲದಿಂದ ಬಂದಿದೆ. ಗಾಯವನ್ನು ಕಟ್ಟುವುದಕ್ಕೆ ಭೇದವಿಲ್ಲ, ಮಾಂಸವನ್ನು ಉಣಿಸುವ ಹೊಣೆಯನ್ನು ಮಾತ್ರ ಹೊರುವುದಿಲ್ಲ. ಅಣುವ್ರತಿಯಾದ ಗೃಹಸ್ಥನಿಗೆ ಇರುವ ಎಲ್ಲೆ ಇದೇ ಎಂದು ನನ್ನ ಭಾವನೆ. ಹಾವಿಗೆ ನೆರವಾಗಬೇಕೆಂದರೆ ಆಶ್ರಯದ ಬೆಚ್ಚನೆಯ ಕೋಣೆಗೆ, ವೈದ್ಯರಿಗೆ ಹಣ ಕೊಡು, ಮನೆಗೆ ತಂದು ಒಡೆಯನಾಗಬೇಡ ಎಂದೆ. ಅಂಗಡಿಯಲ್ಲಿ ಕೊಂಡರೆ ಮಾತ್ರ ಅದು ಅಭಯದಾನವಲ್ಲವೇ ಅಲ್ಲ. ಮುಂದಿನ ಮರಿಗೆ ಕೊಟ್ಟ ಮುಂಗಡ. ಬಣ್ಣಕ್ಕೆ ದೋಷವಿಲ್ಲದಿದ್ದರೂ ವ್ಯಾಪಾರಕ್ಕೆ ದೋಷವಿದೆ.

ವ್ಯಾಪಾರದ ದೋಷವನ್ನು ನಮ್ಮ ಹಿರಿಯರು ಬಹಳ ಮೊದಲೇ ಗುರುತಿಸಿದ್ದರು. ಶ್ರಾವಕನಿಗೆ ಸಲ್ಲದ ಹದಿನೈದು ವೃತ್ತಿಗಳ ಪಟ್ಟಿಯಲ್ಲಿ ಜೀವಿಗಳ ಮಾರಾಟವಾದ ಕೇಶವಾಣಿಜ್ಯವಿದೆ, ಅಂಗಚ್ಛೇದದ ನಿರ್ಲಾಂಛನವಿದೆ, ಅಸತೀಪೋಷಣವಿದೆ. ಈ ಕೊನೆಯದನ್ನು ವಿವರಿಸುತ್ತ ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಹಣಕ್ಕಾಗಿ ಗಿಳಿ, ಗೊರವಂಕ, ಬೆಕ್ಕು, ನಾಯಿ, ಕೋಳಿ, ನವಿಲುಗಳನ್ನು ಸಾಕುವುದನ್ನೂ ಸೇರಿಸಿದ್ದಾರೆ. ಅಲ್ಲಿ ಹಾವಿನ ಹೆಸರಿಲ್ಲ. ಲೌಕಿಕ ಕಾನೂನು ಈಗ ನಿಧಾನವಾಗಿ ಅದೇ ದಾರಿಗೆ ಬರುತ್ತಿದೆ. ಜರ್ಮನಿಯ ಪ್ರಾಣಿರಕ್ಷಣಾ ಕಾಯಿದೆಯ 11ಬಿ ವಿಧಿ, ನೋವು ಅಥವಾ ಅಂಗದೋಷ ಬರುವುದೆಂದು ಮೊದಲೇ ತಿಳಿದಿರುವ ತಳಿ ಬೆಳೆಸುವುದನ್ನು ನಿಷೇಧಿಸುತ್ತದೆ. ಬ್ರಿಟನ್ನಿನ ಇಂಟರ್‌ನ್ಯಾಷನಲ್ ಹರ್ಪಟಾಲಜಿಕಲ್ ಸೊಸೈಟಿ ತನ್ನ ಮೇಳಗಳಲ್ಲಿ ಸ್ಪೈಡರ್ ಮಾರಾಟವನ್ನು ನಿಲ್ಲಿಸಿತು. ಸಾಕುವವರ ಸಂಘವೇ ಈ ತೀರ್ಮಾನ ಮಾಡಿದ್ದು ಮೆಚ್ಚತಕ್ಕದ್ದು. ನಮ್ಮಲ್ಲಿ 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು 2024ರ ನಿಯಮಗಳ ಪ್ರಕಾರ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಯನ್ನು ಇಟ್ಟುಕೊಂಡವರು 'ಪರಿವೇಶ್' ಜಾಲತಾಣದಲ್ಲಿ ನೋಂದಾಯಿಸಲೇಬೇಕು. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ. ಆದರೆ ನೋಂದಣಿ ಎಂಬುದು ಎಣಿಕೆ. ದಯೆಯನ್ನು ಎಣಿಕೆಯಿಂದ ತರಲಾಗುವುದಿಲ್ಲ.

ಬೆನಿನ್ ದೇಶದ ವಿದಾ ಪಟ್ಟಣದಲ್ಲಿ ಒಂದು ಹೆಬ್ಬಾವಿನ ಗುಡಿಯಿದೆ. ಇದೇ ಬಾಲ್ ಪೈಥಾನ್ ಅಲ್ಲಿ ದೈವ. ಅದನ್ನು ಕೊಲ್ಲುವುದು ಅಲ್ಲಿನ ವೋಡುನ್ ಭಕ್ತರಿಗೆ ಮಹಾಪಾಪ. ಮನೆಯೊಳಗೆ ಬಂದರೆ ಗೌರವದಿಂದ ಗುಡಿಗೆ ಮರಳಿಸುತ್ತಾರೆ. ಅದೇ ದೇಶದಿಂದ ಅದೇ ಹಾವು ಚೀಲದಲ್ಲಿ ಕಟ್ಟಿಸಿಕೊಂಡು ವಿಮಾನವೇರುತ್ತದೆ. ಇದನ್ನು ಓದಿದಾಗ ಪರದೇಶದ ವಿಪರೀತವೆಂದು ನನಗೆ ತೋರಲಿಲ್ಲ. ನಾಗರ ಕಲ್ಲಿಗೆ ಹಾಲೆರೆದು ನಿಜವಾದ ನಾಗರವನ್ನು ಹೊಡೆಯುವುದು ನಮ್ಮಲ್ಲಿಲ್ಲವೇ?

ಪಾರ್ಶ್ವನಾಥ ಸ್ವಾಮಿಯ ಪುರಾಣದಲ್ಲಿ ಸರ್ಪ ಎರಡು ಮುಖದಲ್ಲಿ ಬರುತ್ತದೆಂಬುದನ್ನು ಇಲ್ಲಿ ನೆನೆಯಬೇಕು. ಪೂರ್ವಭವವೊಂದರಲ್ಲಿ ಕಮಠನ ಜೀವ ಹೆಬ್ಬಾವಾಗಿ, ಮುನಿಯಾಗಿ ಧ್ಯಾನದಲ್ಲಿದ್ದ ಸ್ವಾಮಿಯ ಜೀವವನ್ನೇ ನುಂಗಿತು. ಕೊನೆಯ ಭವದಲ್ಲಿ, ವಾರಾಣಸಿಯ ರಾಜಕುಮಾರನಾಗಿದ್ದಾಗ, ತಾಪಸನ ಬೆಂಕಿಯ ಕೊರಡಿನಲ್ಲಿ ಸಿಕ್ಕಿದ್ದ ಸರ್ಪಯುಗ್ಮವನ್ನು ಕಂಡು ಸ್ವಾಮಿ ಕರುಣೆಯಿಂದ ಮಂತ್ರವನ್ನು ಕೇಳಿಸಿದರು, ಅವೇ ಧರಣೇಂದ್ರ-ಪದ್ಮಾವತಿಯರಾದವು. ತನ್ನನ್ನು ನುಂಗಿದ ಕುಲವೆಂಬ ಲೆಕ್ಕ ಅಲ್ಲಿಲ್ಲ. ಆ ಜೋಡಿಯ ಮೈಬಣ್ಣ ಏನಿತ್ತೆಂದು ಯಾರೂ ಕೇಳಿಲ್ಲ. ಹೊಂಬುಜಕ್ಕೆ ಹೋಗಿ ಪದ್ಮಾವತಿ ಅಮ್ಮನವರ ಮುಂದೆ ಕೈಮುಗಿಯುವ ನಾವು, ಸಾಯುವ ಗಳಿಗೆಯ ಆ ಎರಡು ಜೀವಗಳಿಗೂ ಕೇಳುವ ಶಕ್ತಿ ಇದ್ದುದರಿಂದಲೇ ಮಂತ್ರ ಅವುಗಳನ್ನು ಮುಟ್ಟಿತೆಂಬುದನ್ನು ಎಷ್ಟು ಸಲ ಯೋಚಿಸಿದ್ದೇವೆ?

ಇಷ್ಟೆಲ್ಲ ಓದಿ, ನಮ್ಮ ಮನೆಯಲ್ಲಿ ಹಾವಿಲ್ಲವಲ್ಲ ಎಂದು ಯಾರೂ ನಿಟ್ಟುಸಿರು ಬಿಡಬೇಕಾಗಿಲ್ಲ. ನಮ್ಮ ಸಮಾಜದ ಎಷ್ಟೋ ಮನೆಗಳ ಹಜಾರದಲ್ಲಿ ಗಾಜಿನ ತೊಟ್ಟಿಯಿದೆ. ಅದರೊಳಗೆ, ಅದೃಷ್ಟ ತರುತ್ತದೆಂದು ಯಾರೋ ಹೇಳಿದ್ದಕ್ಕೆ ತಂದ ಫ್ಲವರ್‌ಹಾರ್ನ್ ಮೀನಿದೆ. ತಳಿ ಬೆರಸಿ ತಲೆಯ ಮೇಲೆ ಗಡ್ಡೆ ಬರಿಸಿದ ಮೀನು ಅದು. ಕಿತ್ತಳೆ ಬಣ್ಣದ ಪ್ಯಾರಟ್ ಮೀನಿದೆ. ಬೇರೆಬೇರೆ ಜಾತಿಯ ಮೀನುಗಳನ್ನು ಕೂಡಿಸಿ ಹುಟ್ಟಿಸಿದ್ದರಿಂದ ಅದರ ಬಾಯಿ ಸರಿಯಾಗಿ ಮುಚ್ಚುವುದಿಲ್ಲ. ಹೃದಯದ ಆಕಾರ ಕಾಣಲೆಂದು ಕೆಲವಕ್ಕೆ ಮರಿಯಾಗಿದ್ದಾಗಲೇ ಬಾಲವನ್ನು ಕತ್ತರಿಸಿರುತ್ತಾರೆ. ಛೇದವೆಂಬ ಅತಿಚಾರಕ್ಕೆ ಬೇರೆ ವ್ಯಾಖ್ಯಾನ ಬೇಡ. ಹೋದ ವರ್ಷ ದಶಲಕ್ಷಣ ಪರ್ವದ ಹತ್ತು ದಿನವೂ ಏಕಾಶನ ಮಾಡಿದ ಗೃಹಸ್ಥರೊಬ್ಬರ ಮನೆಯಲ್ಲಿ ಇಂತಹ ಮೀನನ್ನು ಕಂಡು ಅದರ ಬಾಯಿಯ ವಿಷಯ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ತೊಟ್ಟಿಯ ಹತ್ತಿರ ಹೋಗಿ ಬಹಳ ಹೊತ್ತು ನಿಂತು ನೋಡಿದರು. ಇರುವ ಮೀನನ್ನು ಅದರ ಆಯುಷ್ಯ ಇರುವವರೆಗೆ ನೋಡಿಕೊಳ್ಳುತ್ತೇನೆ, ಇನ್ನೊಂದನ್ನು ತರುವುದಿಲ್ಲ ಎಂದರು. ತೊಟ್ಟಿ ಚಿಕ್ಕದಾಯಿತೆಂದು ಮರುವಾರ ದೊಡ್ಡದೊಂದನ್ನು ತರಿಸಿದರು.